ಎಂಜಿನ್ನಿಗೂ ಹದವಾದ ಬಿಸಿ ಬೇಕು

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಸಾಧನೆಯನ್ನು ನಮಗಿಂತ ಮೊದಲು ಮಾತಾಡಿದವರು ಹೇಳಿದ್ದಾರೆ. ನಾವು ನಿರ್ದೇಶಕರು ಮಾಡಿದ ಒಂದು ತಪ್ಪನ್ನು ಹೇಳುತ್ತೇವೆ. ಅದರಿಂದ ನಿಮ್ಮ ಮನೆಯ ಕಾರು, ಟ್ರ್ಯಾಕ್ಟರು ಉಳಿದರೆ ಸಾಕು.

ಒಂದು ಬೇಸಿಗೆಯಲ್ಲಿ ಸಂಘದ ಟ್ರ್ಯಾಕ್ಟರು ಪದೇ ಪದೇ ಕುದಿಯತೊಡಗಿತು. ಮೆಕ್ಯಾನಿಕ್ಕು ನೋಡಿ, "ನಮ್ಮ ಕಡೆ ಸೆಕೆಗೆ ಈ ಥರ್ಮೋಸ್ಟ್ಯಾಟ್ ವಾಲ್ವು ಬೇಕಾಗಿಲ್ಲ, ತೆಗೆದುಬಿಡೋಣ" ಅಂದರು. ನಾವೆಲ್ಲ ತಲೆಯಾಡಿಸಿದೆವು. ಬಿಸಿ ಸ್ವಲ್ಪ ಇಳಿಯಿತು, ಮಳೆಗಾಲವೂ ಬಂತು, ವಿಷಯ ಮರೆತುಹೋಯಿತು. ಎರಡೇ ವರ್ಷದಲ್ಲಿ ಹೊಗೆ ಹೆಚ್ಚಿತು, ಡೀಸೆಲ್ ಖರ್ಚು ಏರಿತು, ಎಂಜಿನ್ ಬೋರಿಗೆ ಬಂತು. ಬಿಚ್ಚಿದಾಗ ನೋಡಿದರೆ, ನಾವು ಹಾಕುತ್ತಿದ್ದ ಕೊಳವೆಬಾವಿಯ ಗಡಸು ನೀರಿನ ಸುಣ್ಣ ರೇಡಿಯೇಟರಿನ ಒಳಗೆಲ್ಲ ಕಟ್ಟಿಕೊಂಡಿತ್ತು. ರೋಗ ಒಂದು, ನಾವು ಮಾಡಿಸಿದ ಮದ್ದು ಇನ್ನೊಂದು.

ಎಂಜಿನ್ನಿನಲ್ಲಿ ಉರಿದ ಎಣ್ಣೆಯ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಸಿಗುತ್ತದೆ. ಉಳಿದದ್ದು ಹೊಗೆಯ ಜೊತೆಗೂ ರೇಡಿಯೇಟರ್ ನೀರಿನ ಮೂಲಕವೂ ಬಿಸಿಯಾಗಿ ಹೊರಗೆ ಹೋಗುತ್ತದೆ. ಹಾಗಂತ ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಅಂತಲ್ಲ. ಹಂಚು ಕಾಯದಿದ್ದರೆ ರೊಟ್ಟಿ ಬೇಯುವುದಿಲ್ಲ, ಹೆಚ್ಚು ಕಾದರೆ ಸೀಯುತ್ತದೆ. ಸಾಮಾನ್ಯವಾಗಿ ನೀರು 80ರಿಂದ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿದ್ದಾಗ ಎಂಜಿನ್ ಚೆನ್ನಾಗಿ ದುಡಿಯುತ್ತದೆ. ಆ ವಾಲ್ವು ಇರುವುದೇ ಈ ಹದ ಕಾಯಲಿಕ್ಕೆ. ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುತ್ತದೆ, ಕಾದ ಮೇಲೆ ಬಾಯಿ ತೆರೆಯುತ್ತದೆ.

ತಣ್ಣನೆಯ ಎಂಜಿನ್ನಿನಲ್ಲಿ ಇಂಧನ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಲೈನರ್ ಮೇಲಿನ ಆಯಿಲ್ ತೊಳೆದು ಕೆಳಗಿಳಿದು, ಆಯಿಲ್ ತೆಳುವಾಗುತ್ತದೆ. ನೀರಿನ ಪಸೆಯೂ ಸೇರಿ ಆಯಿಲ್ ಕೆಡುತ್ತದೆ, ರಿಂಗು ಲೈನರು ಬೇಗ ಸವೆಯುತ್ತವೆ. ಇದು ಕಣ್ಣಿಗೆ ಕಾಣದ ನಷ್ಟ. ಬಿಸಿ ಮೀರಿದರೆ ಕಣ್ಣೆದುರೇ ನಷ್ಟ: ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಹೆಡ್ ಸೊಟ್ಟಾಗುತ್ತದೆ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಆದ್ದರಿಂದ ಬಂಧುಗಳೇ, ರೇಡಿಯೇಟರಿಗೆ ಕೊಳವೆಬಾವಿ ನೀರು ಬೇಡ. ಕಂಪನಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನು ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿ ಹಾಕಿ. ಅದು ತುಕ್ಕನ್ನೂ ತಡೆಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ಎಳೆಸಬೇಡಿ. ಮೀಟರಿನ ಮುಳ್ಳು ಕೆಂಪಿಗೆ ಹೋದರೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಬೋರಿಗೆ ಖರ್ಚಾದದ್ದು ನಿಮ್ಮೆಲ್ಲರ ಷೇರಿನ ದುಡ್ಡು. ಒಂದು ಚಿಕ್ಕ ವಾಲ್ವನ್ನು ಯಾಕಿದೆ ಅಂತ ಕೇಳದೆ ತೆಗೆಸಿದ್ದಕ್ಕೆ ಅಷ್ಟು ದಂಡ ತೆತ್ತೆವು. ಈಗ ಹೊಸ ವಾಲ್ವು ಹಾಕಿಸಿದ್ದೇವೆ. ಇನ್ನು ಮುಂದೆ ಕೇಳದೆ ತಲೆಯಾಡಿಸುವುದಿಲ್ಲ, ನೀವೂ ನಮ್ಮನ್ನು ಕೇಳದೆ ಬಿಡಬೇಡಿ.