ಜೂನ್ 22ರ ಯೋಗ

ಜೂನ್ 21ರ ಯೋಗ ದಿನ ಬಂತೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಯೋಗದ ಮಾಸ್ತರರಿಗೆ ಎಲ್ಲಿಲ್ಲದ ಬೇಡಿಕೆ. ವೇದಿಕೆ, ಶಾಲು, ಹಾರ, ಫೋಟೊ. ಮರುದಿನ ಅವರನ್ನು ಕೇಳುವವರು ಯಾರು?

ಈ ಭಾಗದ ದುಡಿಮೆಗೆ ಅವರು ಬೇಕೇ ಬೇಕು. ಶಹಾಬಾದಿನ ಗಣಿಯಲ್ಲಿ ಬಗ್ಗಿ ಫರಸಿ ಎಬ್ಬಿಸುವವರ ಸೊಂಟಕ್ಕೂ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವರ ನಿದ್ದೆಗೂ ಒಂದೇ ಪಾಠ ಒಪ್ಪದು. ಬಲ್ಲ ಮಾಸ್ತರರು ಮೊದಲು ಬಿಪಿ, ಹರ್ನಿಯಾ ವಿಚಾರಿಸುತ್ತಾರೆ. ಬಿಪಿ ಇದ್ದವರಿಗೆ ರಭಸದ ಕಪಾಲಭಾತಿ, ಶೀರ್ಷಾಸನ ಬೇಡವೆನ್ನುತ್ತಾರೆ. ಸೊಂಟ ಹಿಡಿದವರನ್ನು ಒಮ್ಮೆಲೇ ಮುಂದಕ್ಕೆ ಬಗ್ಗಿಸುವುದಿಲ್ಲ. ಬೋರಲು ಮಲಗಿಸಿ, ಭುಜಂಗಾಸನಕ್ಕೆ ಎದೆಯನ್ನಷ್ಟೇ ತುಸು ಎತ್ತಿಸುತ್ತಾರೆ. ನೋವು ಕಾಲಿಗೆ ಇಳಿಯುತ್ತಿದ್ದರೆ ನೇರ ಡಾಕ್ಟರರ ಬಳಿ ಕಳಿಸುತ್ತಾರೆ.

ಇದಕ್ಕೆ ಸಿಗುವುದೆಷ್ಟು? ಕೇಂದ್ರದ ಆಯುಷ್ ಆರೋಗ್ಯ ಕೇಂದ್ರಗಳ ಮಾರ್ಗಸೂಚಿಯಲ್ಲಿ ಪುರುಷ ತರಬೇತುದಾರರಿಗೆ ತಿಂಗಳಿಗೆ 8 ಸಾವಿರ, ಮಹಿಳೆಯರಿಗೆ 5 ಸಾವಿರ ರೂಪಾಯಿ. ಮಹಿಳೆಯರಿಗೆ ತರಗತಿ ಕಡಿಮೆ ಎಂಬ ಲೆಕ್ಕವಂತೆ! ಆ ತರಗತಿಗಳನ್ನು ಕಡಿಮೆ ಕೊಟ್ಟವರು ಯಾರು?

ಒಬ್ಬೊಬ್ಬರೇ ಕೇಳಿದರೆ ನಡೆಯದು. ವಾಡಿ, ಚಿತ್ತಾಪುರ, ಸೇಡಂ ಒಂದೇ ರೈಲುದಾರಿಯ ಊರುಗಳು. ಅಲ್ಲಿನ ಮಾಸ್ತರರು ತಿಂಗಳಿಗೊಮ್ಮೆ ಒಂದೆಡೆ ಸೇರಲಿ; ಶಹಾಬಾದ್, ಚಿಂಚೋಳಿಯವರನ್ನೂ ಕರೆಯಲಿ. ತಮ್ಮಿಂದ ಗುಣವಾಗದ ನೋವುಗಳ ಬಗ್ಗೆ ಮಾತಾಡಲಿ, ಫೀಸನ್ನೂ ಒಟ್ಟಾಗಿ ಗೊತ್ತು ಮಾಡಲಿ. ನೀವೂ ಅಷ್ಟೇ, ಶಾಲು ಹೊದಿಸುವ ಮೊದಲು ಅವರ ಬಾಕಿ ಫೀಸು ಕೊಟ್ಟುಬಿಡಿ.