ಚಿಕಿತ್ಸೆಯ ಪುಸ್ತಕದಲ್ಲಿ ನಿಜವೇ ಇರಲಿ



ಬಿತ್ತಿದ ದಿನವನ್ನು ಮರೆತ ರೈತನಿಗೆ ಕಳೆ ತೆಗೆಯುವ, ಗೊಬ್ಬರ ಹಾಕುವ ಹದ ತಪ್ಪುತ್ತದೆ. ಎಚ್.ಐ.ವಿ. ಚಿಕಿತ್ಸೆಯೂ ಹಾಗೆಯೇ. ಇದು ಜೀವನಪರ್ಯಂತ ನಡೆಯತಕ್ಕ ಚಿಕಿತ್ಸೆ. ಈ ವರ್ಷ ನಿಮ್ಮನ್ನು ನೋಡಿದ ವೈದ್ಯರಿಗೆ ಮುಂದಿನ ವರ್ಷ ವರ್ಗಾವಣೆಯಾಗಬಹುದು. ಆಗ ನಿಮ್ಮ ದೇಹಸ್ಥಿತಿಯನ್ನು ಹೊಸ ವೈದ್ಯರಿಗೆ ತಿಳಿಸುವುದು ದಾಖಲೆಯೊಂದೇ.

ನಮ್ಮ ದೇಶದಲ್ಲಿ ಸರ್ಕಾರವು 2004ರ ಏಪ್ರಿಲ್ 1ರಿಂದ ಈ ರೋಗದ ಔಷಧಿಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ನಿಮ್ಮ ಚಿಕಿತ್ಸೆಯ ಕಾರ್ಡು ಎ.ಆರ್.ಟಿ. ಕೇಂದ್ರದಲ್ಲಿರುತ್ತದೆ, ನಿಮ್ಮ ಕೈಗೆ ಹಸಿರು ಪುಸ್ತಕವನ್ನು ಕೊಡುತ್ತಾರೆ. ತೂಕ, ಉಳಿದ ಮಾತ್ರೆಗಳ ಎಣಿಕೆ, ಇತರ ಕಾಯಿಲೆಗಳು, ರಕ್ತಪರೀಕ್ಷೆಯ ಫಲಿತಾಂಶ, ಮುಂದೆ ಬರಬೇಕಾದ ದಿನ ಇವೆಲ್ಲವನ್ನೂ ಬರೆಯಲಾಗುತ್ತದೆ.

ನೂರರಲ್ಲಿ 95ಕ್ಕೆ ಕಡಿಮೆಯಿಲ್ಲದಂತೆ ಮಾತ್ರೆ ಸೇವಿಸಬೇಕು. ದಿನಕ್ಕೊಂದು ಮಾತ್ರೆಯಾದರೆ, 30 ದಿನಗಳಲ್ಲಿ ಎರಡು ತಪ್ಪಿದರೂ ಲೆಕ್ಕ ಕೆಳಗಿಳಿಯಿತು. ಒಬ್ಬಾತನು ಕಬ್ಬು ಕಡಿಯಲು ಪರಊರಿಗೆ ಹೋಗಿ ಹತ್ತು ದಿನ ಮಾತ್ರೆ ಬಿಟ್ಟನೆನ್ನಿ. ಬೈಗುಳಕ್ಕೆ ಅಂಜಿ, ಉಳಿದ ಹತ್ತನ್ನೂ ದಾರಿಯಲ್ಲಿ ಎಸೆದು ಬಂದರೆ ಎಣಿಕೆ ಸರಿಹೋಗುತ್ತದೆ. ಪುಸ್ತಕದಲ್ಲಿ 'ಕ್ರಮಬದ್ಧ' ಎಂದು ಬರೆಯುತ್ತಾರೆ. ಚಿಕಿತ್ಸೆ ಆರಂಭವಾದ 6ನೇ ತಿಂಗಳು, 12ನೇ ತಿಂಗಳು, ಬಳಿಕ ವರ್ಷಕ್ಕೊಮ್ಮೆ ವೈರಲ್ ಲೋಡ್ ಪರೀಕ್ಷೆ ಇದೆ. ಅದರಲ್ಲಿ ರೋಗಾಣು ಹೆಚ್ಚಿದ್ದು ಕಂಡಾಗ, ಪುಸ್ತಕವನ್ನು ನಂಬಿದ ವೈದ್ಯರು ಔಷಧಿಯೇ ನಾಟುತ್ತಿಲ್ಲವೆಂದು ಸಂದೇಹಪಡುತ್ತಾರೆ. ಅವನಿಗೆ ಬೇಕಾಗಿದ್ದುದು ಹೊಸ ಔಷಧಿಯಲ್ಲ. ಪ್ರಯಾಣಕ್ಕೆ ಸಾಲುವಷ್ಟು ಮಾತ್ರೆ. ಗಂಡನು ಮಾತ್ರೆ ಬಿಟ್ಟದ್ದನ್ನು ಹೆಂಡತಿ ಮುಚ್ಚಿಡುವುದು, ಹೆಂಡತಿಯದನ್ನು ಗಂಡನು ಮುಚ್ಚಿಡುವುದು ಪ್ರೀತಿಯಲ್ಲ.

ಬೇರೆಡೆ ಪಡೆದ ಔಷಧಿಗಳನ್ನೂ ತಪ್ಪದೆ ಬರೆಸಿರಿ. ಕ್ಷಯರೋಗಕ್ಕೆ ರಿಫಾಂಪಿಸಿನ್ ಸೇವಿಸುವವರಿಗೆ ಡೋಲುಟೆಗ್ರಾವಿರ್ ಮಾತ್ರೆಯನ್ನು 12 ಗಂಟೆಗಳ ಅಂತರದಲ್ಲಿ ಇನ್ನೊಮ್ಮೆ ಕೊಡಬೇಕಾಗುತ್ತದೆ. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಇದರೊಂದಿಗೇ ನುಂಗಿದರೆ ಇದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾರ್ಡಿನಲ್ಲಿ ಬರೆಯದಿದ್ದರೆ ವೈದ್ಯರಿಗೆ ಇದು ತಿಳಿಯುವುದೆಂತು?

ಹೆರಿಗೆಗೆ ತವರಿಗೆ ಹೋಗುವ ತಾಯಂದಿರೇ, ತಾಯಿ ಕಾರ್ಡನ್ನೂ ಹಸಿರು ಪುಸ್ತಕವನ್ನೂ ಜೊತೆಗೇ ಒಯ್ಯಿರಿ. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿರುವ ತಾಯಂದಿರ ನೂರು ಶಿಶುಗಳಲ್ಲಿ 15ರಿಂದ 45 ಶಿಶುಗಳಿಗೆ ಸೋಂಕು ತಗಲಬಹುದು. ಸರಿಯಾದ ಚಿಕಿತ್ಸೆಯಿಂದ ಅದನ್ನು ಐದಕ್ಕಿಂತ ಕೆಳಗಿಳಿಸಬಹುದು. ಹುಟ್ಟಿದ ಕೂಡಲೇ ಶಿಶುವಿಗೆ ಔಷಧಿ ಆರಂಭವಾಗಬೇಕು. 6ನೇ ವಾರದಲ್ಲಿ ರಕ್ತಪರೀಕ್ಷೆಯಾಗಬೇಕು. ಜನ್ಮದಿನಾಂಕವನ್ನು ಅಂದಾಜಿಗೆ ಬರೆಸಿದರೆ ಈ ದಿನಗಳೆಲ್ಲ ತಪ್ಪುತ್ತವೆ. ಮಗುವಿನ ಅಂತಿಮ ಪರೀಕ್ಷೆ ಮುಗಿಯುವ ತನಕ ಆ ಪುಟಗಳನ್ನು ಜೋಪಾನ ಮಾಡಿರಿ.

"ಊರವರಿಗೆ ತಿಳಿದೀತು" ಎಂಬ ಭಯದಿಂದ ಕೆಲವರು ಒಂದೆಡೆ ಒಂದು ಹೆಸರು, ಇನ್ನೊಂದೆಡೆ ಮತ್ತೊಂದು ಹೆಸರು ಬರೆಸುತ್ತಾರೆ. ಆಗ ರಕ್ತಪರೀಕ್ಷೆ ಒಂದು ಹೆಸರಿಗೆ, ಔಷಧಿ ಇನ್ನೊಂದು ಹೆಸರಿಗೆ ಸೇರಿ, ಒಬ್ಬರ ಚಿಕಿತ್ಸೆ ಇಬ್ಬರದಾಗಿ ಹರಿದುಹೋಗುತ್ತದೆ. ನಿಮ್ಮ ಭಯ ಅಕಾರಣವಲ್ಲ. ಆದುದರಿಂದಲೇ ಕಾನೂನಿನ ರಕ್ಷಣೆಯಿದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾಯಿದೆಯೇ ಹೇಳಿದ ಕೆಲವು ಸಂದರ್ಭಗಳ ಹೊರತು, ನಿಮ್ಮ ಒಪ್ಪಿಗೆಯಿಲ್ಲದೆ ಈ ವಿಷಯವನ್ನು ಯಾರೂ ಹೊರಗೆಡಹುವಂತಿಲ್ಲ. ದಾಖಲೆಗಳನ್ನು ಕಾಪಾಡುವುದು ಅವನ್ನು ಇಟ್ಟುಕೊಂಡವರ ಹೊಣೆ.

ಕೊನೆಯದಾಗಿ, ಕೇಂದ್ರವನ್ನು ಬಿಡುವ ಮುನ್ನ ದಂಪತಿಗಳಿಬ್ಬರೂ ಪುಸ್ತಕವನ್ನು ನೋಡಿರಿ. ಓದು ಬಾರದಿದ್ದರೆ ಮೆಲುದನಿಯಲ್ಲಿ ಓದಿ ಹೇಳುವಂತೆ ಆಪ್ತಸಮಾಲೋಚಕರನ್ನು ಕೇಳಿರಿ. ಹೆಸರು, ವಯಸ್ಸು, ಮಾತ್ರೆಗಳ ಎಣಿಕೆ, ಮುಂದಿನ ದಿನಾಂಕ ಸರಿಯಿವೆಯೇ? ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿರಿ. ಕೇಳಲು ಸಂಕೋಚ ಬೇಡ. ಮಾತ್ರೆ ತಪ್ಪಿತೆಂದವರನ್ನು ಗದರದೆ ಕಾರಣ ಕೇಳುವುದು ನಮ್ಮ ಕರ್ತವ್ಯ. ನಡೆದುದನ್ನು ನಡೆದಂತೆ ಹೇಳುವುದು ನಿಮ್ಮ ಕರ್ತವ್ಯ. ಎರಡೂ ಕೂಡಿದಾಗಲೇ ಪುಸ್ತಕದಲ್ಲಿ ಬರೆದದ್ದು ನಿಮ್ಮ ಆರೋಗ್ಯವನ್ನು ಕಾಯಬಲ್ಲದು.