ಸುತ್ತಿಗೆಯನ್ನು ಅರಸಿ ಹೋದವನು



ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ದಿನ ನನಗೊಂದು ಶಾಲು, ಒಂದು ಹಾರ ಮತ್ತು ಒಂದು ಗೋಡೆ ಗಡಿಯಾರ ದೊರೆತವು. ಹೊತ್ತು ಹೋಗುವುದೇ ಕಷ್ಟವಾಗಲಿರುವವನಿಗೆ ಗಡಿಯಾರವೇಕೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಇಂಗ್ಲೆಂಡಿನ ಸಫೋಕ್ ಪ್ರಾಂತದ ಎರಿಕ್ ಲಾಜ್ ಎಂಬ ತೋಟಗಾರ ನನಗಿಂತ ಭಾಗ್ಯವಂತ. ಆತನಿಗೆ ನಿವೃತ್ತಿಯ ಉಡುಗೊರೆಯಾಗಿ ದೊರೆತದ್ದು ಒಂದು ಲೋಹಶೋಧಕ ಯಂತ್ರ.

ಆ ಯಂತ್ರದ ಮರ್ಮ ಸರಳವಾದುದು. ಉದ್ದನೆಯ ಕೋಲಿನ ತುದಿಯಲ್ಲಿ ತಂತಿಯ ಸುರುಳಿಯೊಂದಿರುತ್ತದೆ. ಅದರಲ್ಲಿ ವಿದ್ಯುತ್ತು ದಿಕ್ಕು ಬದಲಿಸುತ್ತ ಹರಿದಾಗ ಸುತ್ತಲೂ ಕಾಂತಕ್ಷೇತ್ರ ಏರ್ಪಡುತ್ತದೆ. ಮಣ್ಣಿನೊಳಗೆ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ ಸುಳಿಗಳೆದ್ದು, ಅವುಗಳ ಪ್ರಭಾವ ಮರಳಿ ಯಂತ್ರವನ್ನು ಮುಟ್ಟಿ, ನಮ್ಮ ಕಿವಿಗೆ ಸದ್ದಾಗಿ ಕೇಳಿಸುತ್ತದೆ. ಸದ್ದು ಮಾಡಿದ್ದು ಹೊನ್ನೋ ತುಕ್ಕು ಹಿಡಿದ ಮೊಳೆಯೋ ಎಂಬುದು ಮಾತ್ರ ಅಗೆದು ನೋಡುವತನಕ ಖಚಿತವಲ್ಲ.

ಇಂಥ ಹವ್ಯಾಸಿಗಳಿಗೆ ಅಲ್ಲಿ ಚಳಿಗಾಲವೇ ಸುಗ್ಗಿ. ಪೈರು ಕಟಾವಾಗಿ ಹೊಲ ಬರಿದಾಗಿರುತ್ತದೆ. ನೇಗಿಲು ಕೆಳಗಿನ ಮಣ್ಣನ್ನು ಮೇಲಕ್ಕೆ ತಂದಿರುತ್ತದೆ. ಮಳೆಗೆ ನೆಂದ ನೆಲ ಅಗೆತಕ್ಕೆ ಒದಗುತ್ತದೆ. ಆದರೆ ಹಗಲು ಚಿಕ್ಕದು, ಸಂಜೆ ನಾಲ್ಕಕ್ಕೆಲ್ಲ ಸೂರ್ಯಾಸ್ತ. ಕೊರೆಯುವ ಗಾಳಿಯಲ್ಲಿ, ಕಾಲಿಗಂಟುವ ಕೆಸರಿನಲ್ಲಿ, ತಲೆತಗ್ಗಿಸಿ ಗಂಟೆಗಟ್ಟಲೆ ನಡೆಯಬೇಕು.

1992ರ ನವೆಂಬರ್ 16ರಂದು ಲಾಜ್ ಹಾಕ್ಸನ್ ಎಂಬ ಹಳ್ಳಿಯ ಹೊಲಕ್ಕೆ ಹೋದದ್ದು ನಿಧಿಗಾಗಿ ಅಲ್ಲ. ಗೆಳೆಯನಾದ ರೈತ ಪೀಟರ್ ವಾಟ್ಲಿಂಗ್ ಅಲ್ಲಿ ಒಂದು ಸುತ್ತಿಗೆಯನ್ನು ಕಳೆದುಕೊಂಡಿದ್ದ. ಅದನ್ನು ಹುಡುಕುತ್ತಿದ್ದಾಗ ಯಂತ್ರ ಗಟ್ಟಿಯಾಗಿ ಸದ್ದುಮಾಡಿತು. ಅಗೆದರೆ ಬೆಳ್ಳಿಯ ಚಮಚಗಳು, ಚಿನ್ನದ ಒಡವೆಗಳು, ನಾಣ್ಯಗಳು! ಒಂದಷ್ಟನ್ನು ಹೊರತೆಗೆದ ಮೇಲೆ ಆತ ಮಾಡಿದ ಕೆಲಸವೇ ಈ ಕಥೆಯ ಜೀವಾಳ. ಆತ ಅಗೆಯುವುದನ್ನು ನಿಲ್ಲಿಸಿದ. ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಮರುದಿನವೇ ಪುರಾತತ್ತ್ವಜ್ಞರು ಬಂದರು.

ಅವರು ಹೊರತೆಗೆದದ್ದು ರೋಮನ್ ಬ್ರಿಟನ್ನಿನ ಕೊನೆಗಾಲದ ನಿಧಿ: 14,865 ನಾಣ್ಯಗಳು, ಅವುಗಳಲ್ಲಿ 569 ಚಿನ್ನದವು, ಜೊತೆಗೆ ಸುಮಾರು 200 ಬೆಳ್ಳಿಯ ಸಾಮಾನುಗಳೂ ಚಿನ್ನದ ಒಡವೆಗಳೂ. ಆದರೆ ಎಣಿಕೆಗಿಂತ ದೊಡ್ಡದು ಇನ್ನೊಂದಿದೆ. ಮಣ್ಣನ್ನು ಕದಡದೆ ಬಿಟ್ಟಿದ್ದರಿಂದ, ಇವೆಲ್ಲ ಓಕ್ ಮರದ ಒಂದು ಪೆಟ್ಟಿಗೆಯಲ್ಲಿದ್ದುವೆಂದೂ, ಅದರೊಳಗೆ ಬೆಳ್ಳಿಯ ಬೀಗ ಹಾಕಿದ ಕಿರುಪೆಟ್ಟಿಗೆಗಳಿದ್ದುವೆಂದೂ, ಪಾತ್ರೆಗಳು ಒಂದಕ್ಕೊಂದು ತಾಗದಂತೆ ನಡುವೆ ಒಣಹುಲ್ಲನ್ನಿಟ್ಟಿದ್ದರೆಂದೂ ತಿಳಿದುಬಂತು. ಮರ ಬಹುಮಟ್ಟಿಗೆ ಮಣ್ಣಾಗಿತ್ತು. ಅದು ಉಳಿಸಿದ ಗುರುತು ಮಾತ್ರ ಮಾತನಾಡಿತು. ಒಂದು ಕಡಗದ ಮೇಲೆ ಜೂಲಿಯಾನೆ ಎಂಬ ಹೆಣ್ಣುಮಗಳಿಗೆ ಹಾರೈಕೆಯ ಅಕ್ಷರಗಳಿವೆ. ಕ್ರಿ.ಶ. 407ರ ಬಳಿಕ, ರೋಮಿನ ಆಳ್ವಿಕೆ ಅಲ್ಲಿ ಕುಸಿಯುತ್ತಿದ್ದಾಗ, ಮತ್ತೆ ಬಂದು ತೆಗೆದುಕೊಳ್ಳುವೆವೆಂದು ಯಾರೋ ಹುಲ್ಲಿಟ್ಟು ಜೋಪಾನವಾಗಿ ಹೂತಿರಬೇಕು. ಅವರು ಬರಲಿಲ್ಲ.

ಆ ಬೆಳ್ಳಿಯ ಸಾಮಾನುಗಳಲ್ಲಿ ನಾಲ್ಕು ಮೆಣಸಿನ ಭರಣಿಗಳಿವೆ. ಕರಿಮೆಣಸು ಸಫೋಕಿನಲ್ಲಿ ಬೆಳೆಯುವುದಿಲ್ಲ; ರೋಮನರ ಊಟಕ್ಕೆ ಅದು ನಮ್ಮ ಪಶ್ಚಿಮ ಘಟ್ಟಗಳ ಕಡೆಯಿಂದ ಹಡಗೇರಿ ಹೋಗಬೇಕಿತ್ತು. ಅದಕ್ಕೆ ಕೆಲವು ಶತಮಾನಗಳ ಮೊದಲೇ ರೋಮಿನ ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯವರೆಗೆ ಬಂದಿದ್ದವು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ ನೆಲ ಅದು. ಅಲ್ಲಿಯೂ ಇಲ್ಲಿಯೂ ಪಾಠ ಒಂದೇ: ನಾಣ್ಯದ ಬೆಲೆ ಲೋಹದಲ್ಲಿದೆ, ಅದರ ಅರ್ಥ ಅದು ಮಲಗಿದ್ದ ಜಾಗದಲ್ಲಿದೆ.

ನಮ್ಮಲ್ಲಿ ನಿಧಿಯ ಆಸೆಗೆ ಕೊರತೆಯಿಲ್ಲ. ನಮ್ಮೂರ ಕೆರೆಯ ಏರಿಯ ಬಳಿಯಿದ್ದ ವೀರಗಲ್ಲನ್ನು ಯಾರೋ ರಾತ್ರೋರಾತ್ರಿ ಹಾರೆಯಿಂದ ಮೀಟಿ ಕೆಡವಿದ್ದನ್ನು ನಾನು ನೋಡಿದ್ದೇನೆ. ತೋಡಿದ ಗುಂಡಿಯಲ್ಲಿ ಹೊನ್ನಿನ ಸುಳಿವಿರಲಿಲ್ಲ. ಕಲ್ಲು ಮೂರು ತುಂಡಾಗಿತ್ತು. ತುರುಗಳನ್ನು ಕಾಯಲು ಹೋರಿ ಸತ್ತವನ ಹೆಸರಿದ್ದ ಅಕ್ಷರಗಳು ಪುಡಿಯಾಗಿದ್ದವು. ಆತ ಎರಡನೆಯ ಬಾರಿ ಸತ್ತನೆಂದು ನನಗನ್ನಿಸಿತು.

ಆ ಕಳ್ಳರನ್ನು ಬೈಯುವುದು ಸುಲಭ. ಆದರೆ ಬೈಯುವ ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾನು ಹನ್ನೆರಡರ ಹುಡುಗನಾಗಿದ್ದಾಗ, ಮಾಗಿ ಉಳುಮೆಯ ಒಂದು ಮುಂಜಾನೆ, ತಂದೆಯವರ ನೇಗಿಲ ಸಾಲಿನಲ್ಲಿ ನನಗೊಂದು ತಾಮ್ರದ ನಾಣ್ಯ ಸಿಕ್ಕಿತು. ಅದರ ಮೇಲೆ ಹಸಿರು ಕಿಲುಬಿತ್ತು, ಕಿಲುಬಿನಡಿ ಅಕ್ಷರಗಳಿದ್ದವು. ನಾನು ಹುಣಿಸೆಹಣ್ಣು, ಬೂದಿ ಹಾಕಿ ಎರಡು ದಿನ ಉಜ್ಜಿದೆ. ನಾಣ್ಯ ಥಳಥಳಿಸಿತು, ಅಕ್ಷರ ಅಳಿಸಿಹೋಯಿತು. ಮುಂದೆ ಎಂ.ಎ. ತರಗತಿಯಲ್ಲಿ ಶಾಸನಗಳನ್ನು ಕಲಿಸುತ್ತಿದ್ದ ಗುರುಗಳಿಗೆ ಅದನ್ನು ಹೆಮ್ಮೆಯಿಂದ ತೋರಿಸಿದೆ. "ಹೊಲದ ಯಾವ ಮೂಲೆಯಲ್ಲಿ ಸಿಕ್ಕಿತಪ್ಪಾ? ಜೊತೆಗೆ ಇನ್ನೇನಿತ್ತು?" ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಅವರು ನಾಣ್ಯವನ್ನು ಮೆಲ್ಲನೆ ನನ್ನ ಅಂಗೈಯಲ್ಲಿಟ್ಟು, "ಒಳ್ಳೆಯ ತಾಮ್ರ" ಎಂದರು. ಅಷ್ಟೆ.

ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1878ರಷ್ಟು ಹಿಂದೆಯೇ ಬಂದಿತು. ಆದರೆ ಕಾನೂನು ಹೊಲದ ಸಾಲಿನಲ್ಲಿ ನಿಂತು ಕಾಯಲಾರದು. ಅಲ್ಲಿ ಇರುವುದು ಒಬ್ಬ ಮನುಷ್ಯ ಮತ್ತು ಅವನ ಕೈ. ಆದ್ದರಿಂದ, ಕೇಳುಗರೆ, ಪಾಯ ತೋಡುವಾಗಲೋ ಉಳುವಾಗಲೋ ನಿಮಗೆ ಏನಾದರೂ ಸಿಕ್ಕಿದರೆ ಉಜ್ಜಬೇಡಿ, ಇನ್ನೂ ಆಳಕ್ಕೆ ಕೆದಕಬೇಡಿ. ಜಾಗವನ್ನು ಗುರುತಿಟ್ಟುಕೊಂಡು ತಿಳಿದವರಿಗೆ ಹೇಳಿಕಳುಹಿಸಿ.

ಲಾಜ್‌ಗೆ ನಷ್ಟವೇನೂ ಆಗಲಿಲ್ಲ. ಆತನಿಗೆ ದೊರೆತ 17.5 ಲಕ್ಷ ಪೌಂಡುಗಳ ಬಹುಮಾನವನ್ನು ಆತ ವಾಟ್ಲಿಂಗ್‌ನೊಡನೆ ಹಂಚಿಕೊಂಡ. ಕಳೆದುಹೋಗಿದ್ದ ಸುತ್ತಿಗೆಯೂ ಸಿಕ್ಕಿತು. ಅದು ಕೂಡ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು. ಸಾಮಾನ್ಯವಾದ ಕಬ್ಬಿಣದ ಸುತ್ತಿಗೆ. ಆದರೆ ಅದು ಎಲ್ಲಿ, ಯಾವಾಗ, ಏಕೆ ಸಿಕ್ಕಿತೆಂಬುದು ಜಗತ್ತಿಗೇ ಗೊತ್ತು. ನನ್ನ ಮೇಜಿನ ಸೆಳೆಖಾನೆಯಲ್ಲಿರುವ ತಾಮ್ರದ ಬಿಲ್ಲೆಯ ಬಗೆಗೆ ಅಷ್ಟನ್ನೂ ನಾನು ಹೇಳಲಾರೆ.